ಎಟುಕುವ ತರಬೇತಿ: ಅಭ್ಯಾಸ ಬದಲಿಸುವ ಪಾಠ ಎಲ್ಲರಿಗೂ ತಲುಪುವುದು ಹೇಗೆ?

ಎಚ್‌ಆರ್‌ನವರ ಬಾಯಲ್ಲಿ ಇದು ‘ಅಕ್ಸೆಸಿಬಲ್ ಟ್ರೈನಿಂಗ್’. ಕಾರ್ಖಾನೆಯ ಒಂದೇ ಲೈನ್‌ನಲ್ಲಿ ಕೂತವರಲ್ಲಿ ಒಬ್ಬರಿಗೆ ಕಣ್ಣು ಮಂಜು, ಒಬ್ಬರಿಗೆ ಕಿವಿ ಕೇಳಿಸದು, ಇನ್ನೊಬ್ಬರಿಗೆ ಓದು ಬರಹ ಅಷ್ಟಕ್ಕಷ್ಟೇ, ಮತ್ತೊಬ್ಬರಿಗೆ ಬಹಳ ಹೊತ್ತು ಒಂದೇ ಕಡೆ ಗಮನ ನಿಲ್ಲದು. ಇಂಥವರೆಲ್ಲ ತಂಡದಲ್ಲಿ ಇದ್ದೇ ಇರುತ್ತಾರೆ ಎಂದು ಮೊದಲೇ ಲೆಕ್ಕ ಹಾಕಿ ಕಟ್ಟಿದ ತರಬೇತಿಗೆ ಈ ಹೆಸರು. ‘ಮೊದಲೇ’ ಅನ್ನುವುದಕ್ಕೆ ತೂಕ ಜಾಸ್ತಿ. ಪಾಠ ಶುರುವಾದ ಮೇಲೆ ‘ಇವ್ರಿಗೆ ಕೇಳ್ಸಲ್ವಂತೆ, ಪಕ್ಕದಲ್ಲಿರೋರು ಸ್ವಲ್ಪ ಸನ್ನೆ ಮಾಡಿ ಹೇಳ್ರಪ್ಪ’ ಅಂದರೆ ಅದು ಪಕ್ಕದವರ ಉಪಕಾರ ಅಷ್ಟೇ.

ರ್‍ಯಾಂಪ್, ದೊಡ್ಡ ಅಕ್ಷರ, ವಿಡಿಯೊ ಕೆಳಗೆ ಕನ್ನಡದ ಸಾಲು: ಇಷ್ಟು ಬಹಳ ಜನಕ್ಕೆ ಗೊತ್ತು. ಪಿಎಫ್ ಬಗ್ಗೆ ತಿಳಿಸುವ ತರಬೇತಿಗೆ ಇದು ಹೆಚ್ಚು ಕಡಿಮೆ ಸಾಕು. ಅಭ್ಯಾಸ ಬದಲಿಸುವ ತರಬೇತಿಗೆ ಸಾಲದು. ಇಯರ್ ಪ್ಲಗ್ ಹಾಕಿಕೊಳ್ಳುವುದು, ಯಂತ್ರ ಆಫ್ ಮಾಡಿ ಏಳುವುದು, ಆಗಾಗ ಎದ್ದು ಬೆನ್ನು ನೆಟ್ಟಗೆ ಮಾಡುವುದು ಯಾರಿಗೆ ತಾನೇ ಅರ್ಥವಾಗಿಲ್ಲ? ನಾಳೆ ಬೆಳಗಿನ ಶಿಫ್ಟ್‌ನಲ್ಲಿ ಯಾರೂ ಹೇಳದೆ ಕೈ ತಾನಾಗಿ ಅತ್ತ ಹೋಗಬೇಕು, ಕಷ್ಟ ಇರುವುದು ಅಲ್ಲಿ. ಆದ್ದರಿಂದ ಹಾಲ್ ಎಟುಕಿತೇ ಎಂದು ನೋಡಿದರೆ ಕೆಲಸ ಮುಗಿಯುವುದಿಲ್ಲ. ಅಭ್ಯಾಸವನ್ನು ಎಬ್ಬಿಸುವ ಸುಳಿವು ಎಟುಕಿತೇ ಎಂದು ನೋಡಬೇಕು. ತರಬೇತಿ ಕಟ್ಟುವವರು ಹೆಚ್ಚಾಗಿ ಮರೆಯುವುದು ಇದನ್ನೇ ಎಂದು ನನ್ನ ಅನಿಸಿಕೆ.

ಸುಳಿವು ಅಂದರೆ ಏನು? ಮಂಡ್ಯದಿಂದ ಮದ್ದೂರಿನ ಕಡೆ ಬಸ್ಸು ಹತ್ತುವ ಹೆಂಗಸರನ್ನು ನೋಡಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಅದಕ್ಕೆ ಮುಂಚೆ ಸಿಟಿಗೆ ಹೋಗಿ ಬರಲು ಆಧಾರ್ ಕಾರ್ಡ್ ತೆಗೆಯುವ ಅಭ್ಯಾಸ ಯಾರಿಗಿತ್ತು? ಈಗ ಕಂಡಕ್ಟರ್ ‘ಟಿಕೆಟ್, ಟಿಕೆಟ್’ ಅಂದರೆ ಸಾಕು, ಆಡುತ್ತಿದ್ದ ಮಾತು ನಿಲ್ಲದೆಯೇ ಕೈ ಪರ್ಸಿಗೆ ಹೋಗುತ್ತದೆ. ಯಾರೂ ಇದಕ್ಕೆ ತರಬೇತಿ ಕೊಡಲಿಲ್ಲ. ಒಂದೇ ಸಂದರ್ಭ ಮತ್ತೆ ಮತ್ತೆ ಬಂತು, ಮಾಡಬೇಕಾದ್ದು ಸಣ್ಣದಾಗಿತ್ತು, ಫಲ ಅಲ್ಲೇ ಸಿಕ್ಕಿತು. ಮನೋವಿಜ್ಞಾನದಲ್ಲಿ ಅಭ್ಯಾಸ ಅನ್ನುವುದು ಇದಕ್ಕೇ: ಸಂದರ್ಭ ಎದುರಾದ ಕೂಡಲೇ ಯೋಚನೆಗೆ ಕಾಯದೆ ಹೊರಡುವ ನಡೆ. ಇನ್ನೊಂದು ಗಮನಿಸಿ. ಕಿವಿ ಕೇಳಿಸದವರಿಗೆ ಕಂಡಕ್ಟರ್ ಎದುರಿಗೆ ಬಂದು ನಿಲ್ಲುವುದೇ ಸುಳಿವು. ಕಣ್ಣು ಕಾಣದವರಿಗೆ ಅವರ ದನಿ ಸುಳಿವು. ಒಂದೇ ಸುಳಿವು ಎರಡು ದಾರಿಯಲ್ಲಿ ಬರುತ್ತಿದೆ. ಬಸ್ಸಿನಲ್ಲಿ ತಾನಾಗಿ ಆದದ್ದನ್ನು ಕಾರ್ಖಾನೆಯಲ್ಲಿ ಯೋಚಿಸಿ ಮಾಡಬೇಕಾಗುತ್ತದೆ.

ಸುಳಿವನ್ನು ಬೇಕೆಂದೇ ಕಟ್ಟುವ ಒಂದು ವಿಧಾನ ಇದೆ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಜರ್ 1999ರ ಲೇಖನವೊಂದರಲ್ಲಿ ಅದನ್ನು ವಿವರವಾಗಿ ಬರೆದರು. ಹೆಸರು ದೊಡ್ಡದು, ‘ಇಂಪ್ಲಿಮೆಂಟೇಶನ್ ಇಂಟೆನ್ಷನ್’. ಮಾಡುವುದು ಸಣ್ಣದು. ‘ಹೀಗೆ ಮಾಡಬೇಕು’ ಎಂದು ಸುಮ್ನೆ ನಿರ್ಧಾರ ಮಾಡುವ ಬದಲು ‘ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ’ ಎಂದು ಒಂದು ವಾಕ್ಯ ಕಟ್ಟಿಕೊಳ್ಳುವುದು. 2006ರಲ್ಲಿ ಅವರು ಪಾಸ್ಕಲ್ ಶೀರನ್ ಜೊತೆ ಸೇರಿ 94 ಪರೀಕ್ಷೆಗಳ ಫಲಿತಾಂಶ ಒಟ್ಟುಗೂಡಿಸಿ ನೋಡಿದರು. ಬರೀ ನಿರ್ಧಾರ ಮಾಡಿದವರಿಗಿಂತ ಇಂಥ ವಾಕ್ಯ ಕಟ್ಟಿಕೊಂಡವರು ಗುರಿ ಮುಟ್ಟುವುದು ಸಾಕಷ್ಟು ಹೆಚ್ಚು ಎಂದು ಕಂಡಿತು.

ಗೆಜ್ಜಲಗೆರೆ ಕಡೆಯ ಒಂದು ಗಾರ್ಮೆಂಟ್ಸ್ ಎಂದುಕೊಳ್ಳಿ. ಹಳೆಯ ಹೊಲಿಗೆ ಯಂತ್ರಗಳಿಗೆ ಕ್ಲಚ್ ಮೋಟಾರ್ ಇರುತ್ತದೆ. ಹೊಲಿಗೆ ನಿಂತರೂ ಅದು ತಿರುಗುತ್ತಲೇ ಇರುತ್ತದೆ, ಕರೆಂಟ್ ತಿನ್ನುತ್ತಲೇ ಇರುತ್ತದೆ. ಅದು ಓಡುತ್ತಿರುವಾಗ ಸೂಜಿ ಬದಲಿಸಲು ಹೋಗಿ ಕಾಲು ಪೆಡಲ್‌ಗೆ ತಾಗಿತೋ, ಬೆರಳಿಗೆ ಸೂಜಿ. ಗೋಡೆಯ ಮೇಲೆ ‘ಸುರಕ್ಷತೆಯೇ ಮೊದಲು’ ಎಂಬ ಬೋರ್ಡ್ ಇರುತ್ತದೆ. ಅದು ಸುಳಿವೇ ಅಲ್ಲ. ದಿನವಿಡೀ ಒಂದೇ ಥರ ಇರುವುದು ಯಾವ ಕ್ಷಣವನ್ನೂ ತೋರಿಸುವುದಿಲ್ಲ. ಅದರ ಬದಲು ‘ಸೂಜಿಗೆ ಕೈ ಹೋಗುವ ಮುಂಚೆ ಕೈ ಸ್ವಿಚ್‌ಗೆ ಹೋಗುತ್ತದೆ’ ಎಂಬ ವಾಕ್ಯ ನೋಡಿ. ಇದರಲ್ಲಿ ಕ್ಷಣ ಇದೆ, ಕೆಲಸ ಇದೆ. ಓದಲು ಬಾರದವರಿಗೂ, ಕಿವಿ ಕೇಳಿಸದವರಿಗೂ ಇದು ಒಂದೇ, ಯಾಕೆಂದರೆ ಸುಳಿವು ಅವರ ಕೈಯಲ್ಲೇ ಇದೆ.

ಈಗ ತರಬೇತಿಗಳಲ್ಲಿ ಸಾಮಾನ್ಯವಾಗಿ ಕೊಡುವ ಸುಳಿವುಗಳನ್ನು ಪರೀಕ್ಷೆ ಮಾಡಿ. ‘ಬೆಲ್ ಆದಾಗ ಎದ್ದು ಮೈ ಸಡಿಲ ಮಾಡಿ.’ ಕಿವುಡರಿಗೆ ಕೇಳಿಸದು. ತಮಾಷೆ ಅಂದರೆ, ಹಿಂದಿನ ವಾರದ ತರಬೇತಿಯನ್ನು ಪಾಲಿಸಿ ಇಯರ್ ಪ್ಲಗ್ ಹಾಕಿಕೊಂಡವರಿಗೂ ಸರಿಯಾಗಿ ಕೇಳಿಸದು! ‘ಕೆಂಪು ಟ್ಯಾಗ್ ಕಂಡರೆ ಬದಿಗಿಡಿ, ಹಸಿರು ಕಂಡರೆ ಮುಂದಕ್ಕೆ ಕೊಡಿ.’ ಕೆಂಪು ಹಸಿರು ಬೇರೆ ಮಾಡಲಾಗದ ಗಂಡಸರು ಬಹಳ ಜನ ಇದ್ದಾರೆ, ಹೆಚ್ಚಿನವರು ಹೇಳಿಕೊಳ್ಳುವುದಿಲ್ಲ. ಕೆಂಪು ಟ್ಯಾಗಿನ ಮೂಲೆ ಕತ್ತರಿಸಿದರೆ ಬಣ್ಣದ ಹಂಗೇ ಇರುವುದಿಲ್ಲ. ‘ಮೊಬೈಲ್‌ಗೆ ಮೆಸೇಜ್ ಬಂದಾಗ ನೀರು ಕುಡಿಯಿರಿ.’ ಮೊಬೈಲ್ ಲಾಕರ್‌ನಲ್ಲಿ ಇಡಿಸುವ ಕಡೆ ಈ ಸುಳಿವು ಮ್ಯಾನೇಜರ್‌ಗೆ ಮಾತ್ರ ತಲುಪುತ್ತದೆ.

ಕೆಲಸದೊಳಗೇ ಇರುವ ಸುಳಿವು ಒಳ್ಳೆಯದು. ಬಂಡಲ್ ಮುಗಿದದ್ದು, ಬಾಬಿನ್ ಖಾಲಿಯಾದದ್ದು, ಕತ್ತರಿ ಕೆಳಗಿಟ್ಟದ್ದು. ಬಾಬಿನ್ ಹೇಗೂ ದಿನಕ್ಕೆ ಹಲವು ಸಲ ಖಾಲಿಯಾಗುತ್ತದೆ. ಪ್ರತಿ ಸಲವೂ ಭುಜ ಹಿಂದಕ್ಕೆಳೆದು ಒಂದು ಸಲ ಉಸಿರು ಬಿಟ್ಟರೆ, ಬೆಲ್ ಬೇಕಿಲ್ಲ, ಬೋರ್ಡ್ ಬೇಕಿಲ್ಲ. ಹಾಗಂತ ಎಲ್ಲರಿಗೂ ಒಂದೇ ಸುಳಿವು ಹೇರಬಾರದು. ಮಾಡಬೇಕಾದ್ದು ಒಂದೇ ಇರಲಿ, ‘ಇಂಥದ್ದು ಆದಾಗ’ ಅನ್ನುವ ಜಾಗವನ್ನು ಅವರವರೇ ತುಂಬಲಿ. ಬರೆದು ತುಂಬಬಹುದು, ಬಾಯಲ್ಲಿ ಹೇಳಬಹುದು, ಚಿತ್ರ ಆರಿಸಬಹುದು, ಸನ್ನೆಯಲ್ಲಿ ತೋರಿಸಬಹುದು. ಆಮೇಲೆ ಹಾಲ್ ಬಿಟ್ಟು ಅವರವರ ಯಂತ್ರದ ಹತ್ತಿರ ಹೋಗಿ ಒಂದೆರಡು ಸಲ ಮಾಡಿ ನೋಡಲಿ. ಎಟುಕದ ಸುಳಿವು ಅಲ್ಲಿ ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ಪ್ರೊಜೆಕ್ಟರ್ ಮುಂದೆ ಎರಡು ತಾಸು ಕೂತರೂ ಸಿಕ್ಕುವುದಿಲ್ಲ.

ಇನ್ನು 21 ದಿನದ ಕಥೆ. ‘21 ದಿನ ಮಾಡಿ, ಅಭ್ಯಾಸ ಆಗಿಬಿಡುತ್ತೆ’ ಎಂದು ಕೇಳದವರು ಯಾರು? ಇದರ ಬೇರು ಹೆಚ್ಚಾಗಿ 1960ರಲ್ಲಿ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಬರೆದ ಮಾತಿಗೆ ಹೋಗುತ್ತದೆ. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಎಂದಿದ್ದರು ಅವರು. ‘ಕಡಿಮೆ ಅಂದರೂ’ ಎಲ್ಲೋ ಕಳೆದುಹೋಯಿತು, 21 ಮಾತ್ರ ಉಳಿಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಜೊತೆಯವರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡುವಿನ ಅಂಕಿ 66 ದಿನ. ಆದರೆ ಹರಹು 18ರಿಂದ 254. ಹನ್ನೆರಡು ವಾರ ಅಂದರೆ 84 ದಿನ ಅಲ್ವಾ? ಅದಕ್ಕಿಂತ ದೊಡ್ಡ ಅಂಕಿಗಳು ಕಣ್ಣಾರೆ ಕಂಡವಲ್ಲ, ಅಭ್ಯಾಸ ಬಲಿಯುತ್ತ ಹೋದ ಏರಿಕೆಯ ಗೆರೆ ನೋಡಿ ಹಾಕಿದ ಅಂದಾಜು. ಹಾಗಾಗಿ 66ನ್ನೂ ಮಂತ್ರ ಮಾಡಿಕೊಳ್ಳಬೇಡಿ.

ಅದೇ ಅಧ್ಯಯನದ ಇನ್ನೊಂದು ಮಾತು ಎಟುಕುವ ತರಬೇತಿಗೆ ಹೆಚ್ಚು ಬೇಕಾದದ್ದು. ನಡುವೆ ಒಂದು ಸಲ ತಪ್ಪಿದರೆ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಗೋಡೆಗೆ ಚಾರ್ಟ್ ಹಾಕಿ, ದಿನಕ್ಕೊಂದು ಸ್ಟಾರ್ ಅಂಟಿಸಿ, ಒಂದು ದಿನ ತಪ್ಪಿದರೆ ‘ಮತ್ತೆ ಒಂದರಿಂದ ಶುರು’ ಅನ್ನುವ ಸ್ಪರ್ಧೆಗಳನ್ನು ನೆನಪಿಸಿಕೊಳ್ಳಿ. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ ತೀವ್ರವಾಗಿ ಇರುವವರು ರಕ್ತ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಹೋಗಲೇಬೇಕು. ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್) ಇರುವವರಿಗೆ ನೋವು ಹೇಳಿ ಕೇಳಿ ಬರುವುದಿಲ್ಲ. ಇವರು ಆ ಚಾರ್ಟ್‌ನಲ್ಲಿ ಗೆಲ್ಲಲು ಸಾಧ್ಯವೇ ಇಲ್ಲ. ವಿಜ್ಞಾನದ ಆಧಾರವೂ ಇಲ್ಲದ, ಎಟುಕದ ಪದ್ಧತಿ ಇದು. ಕಿತ್ತು ಹಾಕಿದರೆ ನಷ್ಟ ಏನೂ ಇಲ್ಲ.

ಒಂದೇ ದಿನ ಹತ್ತು ಅಭ್ಯಾಸ ಕಲಿಸುವ ಆಸೆಯನ್ನೂ ಬಿಡಬೇಕು. ಏಮಿ ಡಾಲ್ಟನ್ ಮತ್ತು ಸ್ಟೀಫನ್ ಸ್ಪಿಲ್ಲರ್ 2012ರಲ್ಲಿ ತೋರಿಸಿದ ಹಾಗೆ, ಹಲವು ಗುರಿಗಳಿಗೆ ಒಟ್ಟಿಗೆ ಯೋಜನೆ ಹಾಕಿದಾಗ ‘ಇಂಥದ್ದು ಆದಾಗ’ ವಾಕ್ಯದ ಲಾಭ ಕರಗುತ್ತದೆ. ಒಬ್ಬರಿಗೆ ಒಂದು ಅಭ್ಯಾಸ ಸಾಕು.

ಸ್ಲೈಡ್ ವಿಚಾರ ಚುಟುಕಾಗಿ ಹೇಳುತ್ತೇನೆ. ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬೆಳಕಿನ ಅಂತರ ಕಡಿಮೆ ಅಂದರೂ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ನಡೆಯುತ್ತದೆ. ಇದು ವೆಬ್‌ಗೆ ಮಾಡಿದ ಅಂತರರಾಷ್ಟ್ರೀಯ ಮಾರ್ಗಸೂಚಿ, ಪರದೆಗೂ ಹೊಂದುತ್ತದೆ. ‘ಇಲ್ಲಿ ನೋಡಿ’ ಎಂದು ಬೆರಳು ತೋರಿಸುವ ಬದಲು ಅಲ್ಲಿ ಏನಿದೆ ಎಂದು ಬಾಯಲ್ಲಿ ಹೇಳಬೇಕು. ಕನ್ನಡ ಬಾರದ ಕೆಲಸಗಾರರಿದ್ದರೆ ಹಿಂದಿಯಲ್ಲೋ ಒಡಿಯಾದಲ್ಲೋ ಹೇಳುವವರನ್ನು ಮೊದಲೇ ಗೊತ್ತು ಮಾಡಿರಬೇಕು. ಕಿವಿಯ ವಿಷಯದಲ್ಲಂತೂ ಮೈಸೂರಿನವರು ಪುಣ್ಯವಂತರು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಊರಿನಲ್ಲಿದೆ, ಈಗ ಇರುವುದು ಮಾನಸಗಂಗೋತ್ರಿಯಲ್ಲಿ. ಕಿವಿ ಕೇಳಿಸದವರ ಬಗ್ಗೆ ಬಲ್ಲವರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಇದು ಬರೀ ಒಳ್ಳೆಯತನದ ಮಾತೂ ಅಲ್ಲ, ಕಾನೂನು ಇದೆ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು, ಇದರಲ್ಲಿ 21. ಥಲಸ್ಸೀಮಿಯಾ, ಕಲಿಕೆಯ ತೊಡಕು, ಮಾನಸಿಕ ಕಾಯಿಲೆ ಎಲ್ಲ ಪಟ್ಟಿಯಲ್ಲಿವೆ. ಸಂಸ್ಥೆಗೆ ಮಿತಿಮೀರಿದ ಹೊರೆಯಾಗದಂತೆ, ಒಬ್ಬ ವ್ಯಕ್ತಿಗೆ ಬೇಕಾದ ಬದಲಾವಣೆ ಮಾಡಿಕೊಡುವುದಕ್ಕೆ ಕಾಯ್ದೆಯಲ್ಲೇ ಒಂದು ವ್ಯಾಖ್ಯೆ ಇದೆ. ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. 20 ಅಥವಾ ಹೆಚ್ಚು ಜನ ಇರುವ ಖಾಸಗಿ ಸಂಸ್ಥೆಗಳು ಅದರಲ್ಲಿ ಕೆಲಸಕ್ಕೆ ಸೇರಿದ ಮೇಲಿನ ತರಬೇತಿಯ ಬಗ್ಗೆಯೂ ಹೇಳಬೇಕು.

ಆ 21 ಅಂಗವೈಕಲ್ಯಗಳಲ್ಲಿ ಎಷ್ಟೋ ಕಣ್ಣಿಗೆ ಕಾಣುವಂಥವಲ್ಲ. ಅದಕ್ಕೇ ‘ಯಾರಿಗೆ ತೊಂದರೆ ಇದೆ, ಕೈ ಎತ್ತಿ’ ಎಂದು ತರಬೇತಿಯ ದಿನ ಕೇಳಿದರೆ ಒಂದು ಕೈಯೂ ಏಳುವುದಿಲ್ಲ. ಒಂದು ವಾರ ಮುಂಚೆ, ಎಲ್ಲರನ್ನೂ, ಒಬ್ಬೊಬ್ಬರಾಗಿ ಕೇಳಬೇಕು: ‘ಅಕ್ಕ, ನಿಮಗೆ ಕಲಿಯೋಕೆ ಹೇಗೆ ಹೇಳಿದರೆ ಸಲೀಸು? ಕೇಳಿಸಿಕೊಂಡರಾ, ನೋಡಿದರಾ, ಕೈಯಲ್ಲಿ ಮಾಡಿದರಾ?’ ಈ ಪ್ರಶ್ನೆಯನ್ನು ಲೈನ್ ಸೂಪರ್‌ವೈಸರ್ ಕೈಯಲ್ಲಿ ಮಾತ್ರ ಕೇಳಿಸಬೇಡಿ. ಟಾರ್ಗೆಟ್ ಕೊಡುವವರೂ ಅವರೇ, ರಜೆ ಕೊಡುವವರೂ ಅವರೇ. ‘ನನಗೆ ಓದೋಕೆ ಬರಲ್ಲ ಸಾರ್’ ಎಂದು ಅವರ ಮುಂದೆ ಯಾರು ಹೇಳುತ್ತಾರೆ?