ಮುಧೋಳ ನಾಯಿಗೆ ಜಿಪಿಎಸ್ ಬೆಲ್ಟ್: ಮೊದಲು ಕೊರಳು ನೋಡಿ

ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿ ತಂದವರಿರಲಿ, ಮನೆಯಲ್ಲೇ ಹುಟ್ಟಿದ ಮರಿ ಸಾಕಿದವರಿರಲಿ, ಈಚೆಗೆ ನನ್ನ ಪಶು ಚಿಕಿತ್ಸಾಲಯದಲ್ಲಿ ಕೇಳುವುದು ಒಂದೇ: "ಎಂಥಾ ಜಿಪಿಎಸ್ ಬೆಲ್ಟ್ ತರ್ಲಿರೀ ಸರ?" 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಅಪರಾಧ. ಆದರೆ ಬೇಟೆಗೆಂದೇ ಬೆಳೆದುಬಂದ ತಳಿಯಿದು. ಮೊಲ ಕಣ್ಣಿಗೆ ಬಿದ್ದರೆ ಎಷ್ಟು ಕೂಗಿದರೂ ತಿರುಗುವುದಿಲ್ಲ. ಹೊಲ ಕಾಯುವ ನಾಯಿ ಹಾಗೆ ಓಡಿಹೋದರೆ ಹುಡುಕಲು ಬೆಲ್ಟ್ ಬೇಕು, ನಿಜ. ಎಷ್ಟು ಕಿಲೋಮೀಟರ್ ಹಿಡಿಯುತ್ತದೆ ಎಂಬುದನ್ನು ಆಮೇಲೆ ನೋಡೋಣ, ಮೊದಲು ಕೊರಳಿನ ಅಳತೆ ತನ್ನಿ ಅನ್ನುತ್ತೇನೆ.

ಮುಧೋಳದ ತಲೆ ಕಿರಿದು, ಕೊರಳು ನೀಳ. ನಾಯಿ ಹಿಂದಕ್ಕೆ ಜಗ್ಗಿದರೆ ಸಾದಾ ಬೆಲ್ಟ್ ಕಿವಿ ದಾಟಿ ಕಳಚುತ್ತದೆ. "ನಾಯಿ ಮನೀಗಿ ಬಂತ್ರೀ, ಬೆಲ್ಟ್ ಕಬ್ಬಿನ್ಯಾಗ ಉಳೀತು" ಎಂದು ಹೇಳಿಕೊಂಡು ಬರುವ ರೈತರಿದ್ದಾರೆ. ಅದಕ್ಕೆ ಹೆದರಿ ಬಿಗಿದು ಕಟ್ಟಿದರೆ ಇನ್ನೂ ಕೆಟ್ಟದ್ದು. ಈ ನಾಯಿಗೆ ಕೂದಲು ಗಿಡ್ಡ, ಚರ್ಮ ತೆಳು. ಒದ್ದೆಯಾದ ನೈಲಾನ್ ಪಟ್ಟಿ ಎರೆಮಣ್ಣು ಹಿಡಿದು ಉಜ್ಜುತ್ತದೆ. ಗಂಟಲ ಕೆಳಗೆ ಮೊದಲು ಕೂದಲು ಉದುರುತ್ತದೆ, ಆಮೇಲೆ ಚರ್ಮ ಕೆಂಪಾಗಿ ಕೀವಾಗುತ್ತದೆ. ಮಳೆಗಾಲದಲ್ಲಿ ಅದೇ ಗಾಯದಲ್ಲಿ ಹುಳು ಬೀಳುವುದನ್ನು ನೋಡಿದಾಗ ಸಂಕಟವಾಗುತ್ತದೆ. ಪಟ್ಟಿ ಅಗಲವಿರಲಿ, ನೀರು ಹೀರದ ಲೇಪನವಿರಲಿ, ಎರಡು ಬೆರಳು ನುಸುಳುವಷ್ಟು ಸಡಿಲವಿರಲಿ. ಕಟ್ಟಿದ ಮೇಲೆ ಕಿವಿಯ ಕಡೆಗೆ ಎಳೆದು ನೋಡಿ. ರಾತ್ರಿ ಬಿಚ್ಚಿಡಿ.

ಯಂತ್ರ ಕೆಡುವುದೂ ಹೆಚ್ಚಾಗಿ ಸಣ್ಣ ಜಾಗಗಳಲ್ಲೇ. ಹೊರಗೆ ಚಾಚಿದ ಆಂಟೆನಾ ಇದ್ದರೆ ಅದರ ಬುಡ ಜಾಲಿ ಕಂಟಿಗೆ ಸಿಕ್ಕಿ ಸೀಳುತ್ತದೆ. ಚಾರ್ಜಿಂಗ್ ಪಿನ್ನುಗಳು ಕೆಸರು ಕೂತು ಹಸಿರುಗಟ್ಟುತ್ತವೆ. ಡಬ್ಬಿಯ ಮೇಲೆ ಐಪಿ67 ಎಂದಿದ್ದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆದಿದೆ ಎಂದರ್ಥ. ಆ ಪರೀಕ್ಷೆ ನಡೆಯುವುದು ಹೊಸ ಯಂತ್ರದ ಮೇಲೆ, ನಿಂತ ನೀರಿನಲ್ಲಿ. ಘಟಪ್ರಭಾ ಕಾಲುವೆಯಲ್ಲಿ ದಿನಾ ಈಜುವ ನಾಯಿಯ ಬೆಲ್ಟಿಗೆ ರಬ್ಬರ್ ಸೀಲ್ ಸವೆಯುತ್ತಲೇ ಇರುತ್ತದೆ. ಒರೆಸಿ, ಒಣಗಿಸಿ, ಆಮೇಲೆ ಚಾರ್ಜ್ ಮಾಡಿ. ಬೇಸಿಗೆಯಲ್ಲಿ ಜೀಪಿನೊಳಗೆ ಬಿಡಬೇಡಿ, ಬ್ಯಾಟರಿ ಉಬ್ಬುತ್ತದೆ.

ಸಿಮ್ ಇರುವ ಬೆಲ್ಟುಗಳಲ್ಲಿ ಉಪಗ್ರಹ ಜಾಗ ತೋರಿಸಿದರೂ ಅದನ್ನು ನಿಮ್ಮ ಫೋನಿಗೆ ತಲುಪಿಸುವುದು ಮೊಬೈಲ್ ಟವರ್. ಟವರ್ ಸಿಗದಿದ್ದರೆ ನಕ್ಷೆಯಲ್ಲಿ ಹಳೆಯ ಚುಕ್ಕೆಯೇ ನಿಂತಿರುತ್ತದೆ. ಜನ ಅದನ್ನೇ ನಂಬಿ ಆ ಹೊಲದಲ್ಲೇ ಹುಡುಕುತ್ತಾರೆ. ಆದ್ದರಿಂದ ಚುಕ್ಕೆಯ ಪಕ್ಕದ ಸಮಯ ಓದಿ. ಗಂಟೆಗೆ 45 ಕಿ.ಮೀ. ವೇಗದಲ್ಲಿ ಓಡುವ ನಾಯಿ 2 ನಿಮಿಷಕ್ಕೆ 1.5 ಕಿ.ಮೀ. ದಾಟಿರುತ್ತದೆ, ಹೊಲಕ್ಕೆ ಬಿಡುವಾಗ ಕೆಲವು ಸೆಕೆಂಡಿಗೊಮ್ಮೆ ಜಾಗ ತಿಳಿಸುವಂತೆ ಸೆಟ್ಟಿಂಗ್ ಬದಲಿಸಿ, ಬ್ಯಾಟರಿ ಬೇಗ ಖಾಲಿಯಾದರೂ ಚಿಂತೆಯಿಲ್ಲ.

ಚರ್ಮದಡಿ ಹಾಕುವ ಮೈಕ್ರೋಚಿಪ್ಪನ್ನೇ ಜಿಪಿಎಸ್ ಎಂದುಕೊಂಡವರೂ ಬರುತ್ತಾರೆ. ಅದರಲ್ಲಿ ಬ್ಯಾಟರಿ ಇರುವುದಿಲ್ಲ, ಸ್ಕ್ಯಾನರ್ ಹತ್ತಿರ ಹಿಡಿದಾಗ ಗುರುತಿನ ಸಂಖ್ಯೆ ಮಾತ್ರ ಸಿಗುತ್ತದೆ. ಬೆಲ್ಟಿಗೆ ನಿಮ್ಮ ಮೊಬೈಲ್ ನಂಬರ್ ಕೆತ್ತಿದ ಹಿತ್ತಾಳೆ ಬಿಲ್ಲೆಯನ್ನೂ ಹಾಕಿಸಿ. ಚಾರ್ಜ್ ಮುಗಿದ ಮೇಲೂ ನಾಯಿ ಸಿಕ್ಕವರು ಫೋನ್ ಮಾಡಬಹುದು.