ಹೆಣಿಗೆ ಕಲಿಯುವವರಿಗೆ: ಮೊದಲು ಕುಣಿಕೆ ನೋಡೋಣ

ಹೆಣಿಗೆಯಲ್ಲಿ ಕೈಗಿಂತ ಮೊದಲು ಕಣ್ಣು ಪಳಗಬೇಕು. ಪುಣೆಯಲ್ಲಿ ನಾವು ಕನ್ನಡದವರು ಕೆಲವರು ಸೇರಿ ಕಲಿಯುತ್ತಾ, ಹೊಸಬರಿಗೆ ಕಲಿಸುತ್ತಾ ಇದ್ದೇವೆ. ಪದೇ ಪದೇ ಬರುವ ತೊಡಕುಗಳನ್ನು ಇಟ್ಟುಕೊಂಡು ಬರೆದ ಟಿಪ್ಪಣಿ ಇದು.

ಸಾಮಾನಿನ ಮಾತು ಬೇಗ ಮುಗಿಸುತ್ತೇನೆ. ತುಳಶೀಬಾಗ್‌ ಮಾರುಕಟ್ಟೆ ಕಡೆ ಹೋದರೆ ಉಲ್ಲನ್ ಬಣ್ಣಗಳಿಗೆ ಮನಸ್ಸು ಸೋಲುತ್ತದೆ. ಆದರೂ ಮೊದಲ ಉಂಡೆ ತಿಳಿ ಬಣ್ಣದ್ದು, ನುಣುಪಾದ ಎಳೆಯದ್ದೇ ಇರಲಿ. ಕಪ್ಪು ಉಲ್ಲನ್‌ನಲ್ಲಿ ಕುಣಿಕೆ ಕಾಣುವುದಿಲ್ಲ. ಕಡ್ಡಿ 4 ಮಿಲಿಮೀಟರಿನದು ಸಾಕು. ಹಳೆಯ ನಂಬರಿನಲ್ಲಿ ಅದು 8. ಈ ಲೆಕ್ಕದಲ್ಲಿ ನಂಬರ್ ಜಾಸ್ತಿಯಾದಷ್ಟೂ ಕಡ್ಡಿ ಸಣ್ಣ. 10 ಅಂದರೆ 3.25 ಮಿಲಿಮೀಟರ್.

ಈಗ ಕುಣಿಕೆ. ಕುದುರೆಯ ಮೇಲೆ ಸವಾರ ಕೂತಂತೆ ಅದು ಕಡ್ಡಿಯ ಮೇಲೆ ಕೂತಿರುತ್ತದೆ. ಒಂದು ಕಾಲು ಮುಂದೆ, ಒಂದು ಹಿಂದೆ. ನಾವು ಸಾಮಾನ್ಯವಾಗಿ ಹೆಣೆಯುವ ರೀತಿಯಲ್ಲಿ ಬಲಗಾಲು ಮುಂದಿರಬೇಕು. ಜಾರಿದ ಕುಣಿಕೆಯನ್ನು ಅವಸರದಲ್ಲಿ ವಾಪಸ್ ಏರಿಸಿದಾಗ ಕಾಲು ಅದಲುಬದಲಾಗುತ್ತದೆ. ಅದನ್ನು ಹಾಗೇ ಹೆಣೆದರೆ ತಿರುಚಿಕೊಂಡು ಬಿಗಿಯಾಗುತ್ತದೆ.

ಸೀದಾ ಮತ್ತು ಉಲ್ಟಾ ಒಂದೇ ಕುಣಿಕೆಯ ಎರಡು ಮುಖ. ನಿಮ್ಮ ಕಡೆ ಜಡೆಯಂಥ ಗೆರೆ ಕಂಡರೆ ಸೀದಾ, ಗುಬುಟು ಕಂಡರೆ ಉಲ್ಟಾ. ಎಲ್ಲ ಸಾಲೂ ಸೀದಾ ಹೆಣೆದರೆ ಎರಡೂ ಕಡೆ ಏಣುಗಳು ಬರುತ್ತವೆ. ಒಂದು ಏಣು ಅಂದರೆ 2 ಸಾಲು. ಆಗ ಎಣಿಸುವುದು ಎಷ್ಟು ಸುಲಭ, ಅಲ್ವಾ? ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದರೆ ಬಟ್ಟೆಯ ಅಂಚು ಸುರುಳಿಯಾಗುತ್ತದೆ. ಅದು ನಿಮ್ಮ ತಪ್ಪಲ್ಲ, ಆ ಹೆಣಿಗೆಯ ಗುಣವೇ ಅದು. ಅಂಚಿಗೆ ನಾಲ್ಕೈದು ಕುಣಿಕೆ ಎಲ್ಲ ಸಾಲಿನಲ್ಲೂ ಸೀದಾ ಹೆಣೆಯಿರಿ, ತಹಬದಿಗೆ ಬರುತ್ತದೆ.

ಹೊಸಬರಲ್ಲಿ ನಾನು ಅತಿ ಹೆಚ್ಚು ನೋಡುವುದು ಇದು: 20 ಕುಣಿಕೆ ಹಾಕಿದ್ದು ಸ್ವಲ್ಪ ಹೊತ್ತಿಗೆ 23 ಆಗಿರುತ್ತದೆ. ಸಾಲಿನ ಮೊದಲ ಕುಣಿಕೆ ನೋಡಿ. ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದಿದ್ದರೆ ಕೆಳಗಿನ ಕುಣಿಕೆ ಮೇಲೆದ್ದು, ಅದರ ಎರಡು ಕಾಲೂ ಎರಡು ಕುಣಿಕೆಯಂತೆ ಕಾಣುತ್ತವೆ. ಎರಡನ್ನೂ ಹೆಣೆದುಬಿಡುತ್ತಾರೆ. ನೂಲನ್ನು ಕಡ್ಡಿಯ ಕೆಳಗಿಂದ ಹಿಂದಕ್ಕೆ ತಂದರೆ ಮುಗಿಯಿತು.

ಕಲಿಸುವವರಿಗೆ ಒಂದು ಕೋರಿಕೆ. ಕಡ್ಡಿ ಕಸಿದುಕೊಂಡು ಸರಿಮಾಡಿ ಕೊಡಬೇಡಿ. "ಅಕ್ಕಾ, ಈ ಕುಣಿಕೆಯ ಬಲಗಾಲು ಎಲ್ಲಿದೆ ನೋಡಿ" ಅಂತ ಕೇಳಿ. ಅವರೇ ಕಂಡುಹಿಡಿದಾಗ ಮುಖ ಅರಳುವುದನ್ನು ನೋಡುವುದೇ ಕಲಿಸುವವರಿಗೆ ಸಿಗುವ ಖುಷಿ. ಕುಣಿಕೆ ಜಾರಿ ಏಣಿಯಂತೆ ಕೆಳಗಿಳಿದರೂ ಗಾಬರಿ ಬೇಡ. ಸೀದಾ ಮುಖ ತಮ್ಮ ಕಡೆ ಹಿಡಿದು, ಕ್ರೋಶಾ ಕಡ್ಡಿಯನ್ನು ಮುಂದಿನಿಂದ ಕುಣಿಕೆಗೆ ತೂರಿಸಿ, ಹಿಂದಿನ ಅಡ್ಡ ಎಳೆಗಳನ್ನು ಒಂದೊಂದಾಗಿ ಎಳೆದುಕೊಂಡು ಮೇಲೆ ಬರಲಿ.

ಪುಣೆಯ ಡಿಸೆಂಬರ್ ಚಳಿಗೆ ಮಗುವಿನ ಟೋಪಿ ಒಳ್ಳೆಯ ಮೊದಲ ಕೆಲಸ. ತಲೆಯ ಸುತ್ತಳತೆ 40 ಸೆಂಟಿಮೀಟರ್ ಇದ್ದರೆ ಟೋಪಿ 36 ಇರಲಿ, ಹಿಗ್ಗಿ ಕೂರುತ್ತದೆ. ನಿಮ್ಮ ಕೈಯಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆ ಬಂದರೆ 36ಕ್ಕೆ ಸುಮಾರು 80 ಹಾಕಿ. 20 ಬಂದರೆ ಅದೇ 80 ಕುಣಿಕೆಯ ಟೋಪಿ 40 ಸೆಂಟಿಮೀಟರ್ ಆಗಿ ಸಡಿಲವಾಗುತ್ತದೆ. ಆಗ 72 ಸಾಕು. ಅದಕ್ಕೇ ಮೊದಲು ಅಂಗೈಗಿಂತ ದೊಡ್ಡ ತುಂಡೊಂದನ್ನು ಹೆಣೆದು, ಒಗೆದು ಒಣಗಿಸಿ, ಅಂಚು ಬಿಟ್ಟು ನಡುವೆ ಅಳೆಯಿರಿ.