ಸರಾಸರಿ: ಪಟ್ಟಿ ತೂಗಿ ನಿಲ್ಲುವ ಜಾಗ

ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ದವರು ಊರಿಗೆ ಬಂದು "ಸರಾಸರಿ ಹದಿನೈದು ಸಾವಿರ ಬಿತ್ರಿ" ಅಂದರೆ, ಎಲ್ಲ ಕಾಯಿಯೂ ಹದಿನೈದರ ಆಸುಪಾಸಿನಲ್ಲೇ ಹೋಗಿದೆ ಎಂದು ಕೇಳಿದವರು ತಿಳಿಯುತ್ತಾರೆ. ಲೆಕ್ಕ ಹೀಗೂ ಇರಬಹುದು: ನಾಲ್ಕು ಲಾಟು, ಒಂದೊಂದೂ ಒಂದು ಕ್ವಿಂಟಲ್. ತೇವ ಹಿಡಿದದ್ದು 8 ಸಾವಿರ, ಕಡ್ಡಿ ತಳಿಯ ಕಾಯಿಯ ಎರಡು ಲಾಟು 11 ಮತ್ತು 14, ಒಳ್ಳೆ ಬಣ್ಣದ ಡಬ್ಬಿ ತಳಿಯ ಕಾಯಿ 27. ಕೂಡಿದರೆ 60, ನಾಲ್ಕರಿಂದ ಭಾಗಿಸಿದರೆ 15. ಹದಿನೈದಕ್ಕೆ ಮಾರಿದ ಲಾಟು ಒಂದೂ ಇಲ್ಲ. ಹಾಗಾದರೆ ಈ 15 ಅಂದರೇನು?

ಮಕ್ಕಳಿಗೆ ನಾನು ಇದನ್ನು ಹಲಗೆಯ ಮೇಲೆ ಬರೆಯುವ ಮೊದಲು ಕೈಯಲ್ಲಿ ಮಾಡಿಸುತ್ತೇನೆ. 30 ಸೆಂಟಿಮೀಟರ್ ಪಟ್ಟಿಯನ್ನು ಪೆನ್ಸಿಲ್ ಮೇಲೆ ಅಡ್ಡ ಇಡಬೇಕು. ದುಂಡನೆಯ ಪೆನ್ಸಿಲ್ ಉರುಳುತ್ತದೆ, ಆರು ಮೂಲೆಯದೇ ಬೇಕು. 15ರ ಗೆರೆ ಪೆನ್ಸಿಲ್ ಮೇಲೆ ಬಂದಾಗ ಬರೀ ಪಟ್ಟಿ ಸಮ ನಿಲ್ಲುತ್ತದೆ. ಈಗ ಒಂದೇ ನಮೂನೆಯ ನಾಲ್ಕು ನಾಣ್ಯಗಳನ್ನು 8, 11, 14, 27ರ ಗೆರೆಗಳ ಮೇಲೆ ಇಡಿ. ಎಡಕ್ಕೆ ಮೂರು, ಬಲಕ್ಕೆ ಒಂದೇ. ಪಟ್ಟಿ ಒಂದೆರಡು ಸಲ ತೂಗಾಡಿ ನಿಂತುಬಿಡುತ್ತದೆ! ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಬಂದು, ಬಗ್ಗಿ ನೋಡಿ, "ಮೂರು ಕೂಡಿ ಜಗ್ಗಿದ್ರೂ ಒಂದು ಹ್ಯಾಂಗ ತಡೀತೈತ್ರಿ ಸರ?" ಎಂದು ಕೇಳಿದಳು. ಪಾಠ ಇರುವುದು ಆ ಪ್ರಶ್ನೆಯಲ್ಲೇ.

ಹಾರೆ ಹಚ್ಚಿ ಕಲ್ಲು ಎಬ್ಬಿಸುವವರು ಹಾರೆಯ ತುದಿ ಹಿಡಿಯುತ್ತಾರೆ. ದೂರ ಹೆಚ್ಚಿದಷ್ಟೂ ಬಲ ಹೆಚ್ಚು. 15ರಿಂದ ಎಡಕ್ಕಿರುವ ನಾಣ್ಯಗಳ ದೂರ 7, 4, 1, ಒಟ್ಟು 12. ಬಲಗಡೆಯ ಒಂಟಿ ನಾಣ್ಯದ ದೂರವೂ 12. ಈ ದೂರಕ್ಕೆ ಪಠ್ಯಪುಸ್ತಕದ ಹೆಸರು ವಿಚಲನೆ, ಎಡದ್ದಕ್ಕೆ ಕಳೆಯುವ ಗುರುತು (−), ಬಲದ್ದಕ್ಕೆ ಕೂಡುವ ಗುರುತು (+). ಸರಾಸರಿಯಿಂದ ತೆಗೆದ ವಿಚಲನೆಗಳನ್ನು ಕೂಡಿದರೆ ಸೊನ್ನೆಯೇ ಬರಬೇಕು. 14ರಿಂದಲೋ 16ರಿಂದಲೋ ತೆಗೆದು ನೋಡಿ, ಬರುವುದಿಲ್ಲ. ಎರಡೂ ಕಡೆಯ ಜಗ್ಗಾಟ ಸರಿಸಮ ಆಗುವ ಜಾಗ ಇರುವುದು ಒಂದೇ.

'ಸರಾಸರಿ' ಪದದ ಮೂಲ ಪಾರ್ಸಿ ಭಾಷೆ. ಅಲ್ಲಿ 'ಸರಾಸರ್' ಅಂದರೆ ಈ ತುದಿಯಿಂದ ಆ ತುದಿಯವರೆಗೆ. ಪಟ್ಟಿ ಹಿಡಿದು ನೋಡಿದವರಿಗೆ ಈ ಅರ್ಥ ಎಷ್ಟು ಚಂದ ಹೊಂದುತ್ತದೆ!

ಡಬ್ಬಿ ಕಾಯಿ 27ರ ಬದಲು 47ಕ್ಕೆ ಹೋಯಿತು ಅನ್ನಿ. ಮೊತ್ತ 80, ಸರಾಸರಿ 20. ಉಳಿದ ಮೂರು ಲಾಟುಗಳಿಗೆ ಒಂದು ರೂಪಾಯಿಯೂ ಹೆಚ್ಚು ಸಿಕ್ಕಿಲ್ಲ, ಆದರೂ ಸರಾಸರಿ ಐದು ಸಾವಿರ ಮೇಲೇರಿತು. ಸಾಲಿನ ನಟ್ಟನಡುವೆ ನಿಲ್ಲುವ ಮಧ್ಯಾಂಕ ಮಾತ್ರ 11 ಮತ್ತು 14ರ ನಡುವೆ, ಮೊದಲಿದ್ದ 12.5ರಲ್ಲೇ ಇದೆ, ಅದಕ್ಕೆ ದೂರದ ಲೆಕ್ಕ ಇಲ್ಲ. ಒಂದು ಲಾಟಿಗೆ ಬಂದ ದೊಡ್ಡ ದರದಿಂದ ಸರಾಸರಿ ಏರಿದಾಗ "ರೈತರಿಗೆ ಒಳ್ಳೇ ರೇಟು ಸಿಕ್ಕಿದೆ" ಎಂದು ಯಾರಾದರೂ ಅಂದರೆ ನನಗೆ ಸಂಕಟವಾಗುತ್ತದೆ.

ಇನ್ನೊಂದು ತಪ್ಪು ದಿನಾ ಆಗುತ್ತದೆ. ಮೊದಲಿನ ಲೆಕ್ಕದಲ್ಲೇ 8 ಸಾವಿರದ ಕಾಯಿ ಎರಡು ಕ್ವಿಂಟಲ್ ಇದ್ದರೆ 8ರ ಗೆರೆಯ ಮೇಲೆ ಎರಡು ನಾಣ್ಯ ಪೇರಿಸಬೇಕು. ಪೇರಿಸಿದೊಡನೆ ಪಟ್ಟಿ ಎಡಕ್ಕೆ ವಾಲುತ್ತದೆ. ಐದು ಕ್ವಿಂಟಲ್‌ಗೆ 68 ಸಾವಿರ, ಅಂದರೆ ಸರಾಸರಿ 13.6. ನಾಲ್ಕು ದರಗಳನ್ನಷ್ಟೇ ಕೂಡಿ ನಾಲ್ಕರಿಂದ ಭಾಗಿಸಿದವರು ಇನ್ನೂ 15 ಎಂದೇ ಹೇಳುತ್ತಿರುತ್ತಾರೆ, ಕೈಗೆ ಬಂದ ದುಡ್ಡು ಎಣಿಸುವ ತನಕ.